ನೇರ ನೋಡದೆ ನೋಡುವುದಕ್ಕೆ ಏನೆನ್ನೋಣ?

ಒಂದು ಪದ ಬೇಕಾಗಿದೆ. ಮೊನ್ನೆ ಸಂಜೆ ಹಿತ್ತಲಲ್ಲಿ 70 ಮಿಲಿಮೀಟರಿನ ಸಣ್ಣ ದುರ್ಬೀನು ಇಟ್ಟುಕೊಂಡು ಅಕ್ಕನ ಮಗಳಿಗೆ ಆಂಡ್ರೋಮೀಡಾ ಗೆಲಾಕ್ಸಿ ತೋರಿಸುತ್ತಿದ್ದೆ. (ದೂರದರ್ಶಕ ಒಳ್ಳೆಯ ಪದವೇ, ಆದರೆ ಕತ್ತಲಲ್ಲಿ ಬಾಯಿಗೆ ಬರುವುದು ದುರ್ಬೀನು.)

"ಏನೋ ಒಂದು ಚೂರು ಮಸುಕು ಅಷ್ಟೇ ಮಾಮಾ."

"ಅದನ್ನೇ ದುರುಗುಟ್ಟಿ ನೋಡಬೇಡ. ಪಕ್ಕದ ಚುಕ್ಕಿ ನೋಡು, ಗಮನ ಮಾತ್ರ ಇಲ್ಲೇ ಇರಲಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಯ್ಯೋ, ಇಷ್ಟುದ್ದ ಇದೆ!" ತಕ್ಷಣ ಅದರತ್ತಲೇ ಕಣ್ಣು ತಿರುಗಿಸಿರಬೇಕು, "ಹೋಯ್ತು" ಅಂದಳು. 25 ಲಕ್ಷ ವರ್ಷ ದಾರಿ ಸವೆಸಿ ಬಂದ ಬೆಳಕು, ಪಾಪ.

ಕಾರಣ ಸರಳ. ಕಣ್ಣಿನ ಪರದೆಯ ನಟ್ಟನಡುವೆ ಬಣ್ಣ ಗುರುತಿಸುವ ಶಂಕುಕೋಶಗಳೇ ತುಂಬಿವೆ. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಅದರ ಸುತ್ತ ಇವೆ. ಅದಕ್ಕೇ ಮಸುಕಾದ ವಸ್ತುವನ್ನು ಅಂಚಿನಿಂದ ನೋಡಬೇಕು. ಅದೂ ವಸ್ತು ಮೂಗಿನ ಬದಿಗೆ ಬರುವ ಹಾಗೆ. ಕಿವಿಯ ಬದಿಗೆ ಹೋದರೆ ಕುರುಡುಚುಕ್ಕೆಗೆ ಬೀಳಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಅವರ್ಟೆಡ್ ವಿಷನ್ ಅನ್ನುತ್ತಾರೆ.

ಕನ್ನಡದಲ್ಲಿ? ಮೊದಲು ಹೊಳೆದದ್ದು ಓರೆನೋಟ. ಆದರೆ ಓರೆನೋಟದಲ್ಲಿ ಮುಖ ಎಲ್ಲೋ ಇದ್ದು ಕಣ್ಣು ವಸ್ತುವಿನ ಕಡೆ ಹೊರಳುತ್ತದೆ. ಕುಡಿನೋಟವೂ ಹಾಗೇ, ಜೊತೆಗೆ ಶೃಂಗಾರ ಬೇರೆ. ಇಲ್ಲಿ ನಡೆಯುವುದು ತಿರುವುಮುರುವು: ಕಣ್ಣು ಆಚೆ ಹೋಗುತ್ತದೆ, ಗಮನ ಇಲ್ಲೇ ಉಳಿಯುತ್ತದೆ. ಓರೆಗಣ್ಣು ಅಂದರೆ ಮೆಳ್ಳಗಣ್ಣು ಅಂತಲೂ ಅರ್ಥ ಬರುತ್ತೆ, ಬೇಡ.

ನನಗೆ ಹಿಡಿಸಿದ್ದು ಕಡೆಗಣ್ಣು. ಕಣ್ಣಿನ ಕೊನೆ, ಅಂಚು. ಅಂಚಿನಿಂದಲೇ ತಾನೇ ನೋಡುವುದು? "ಕಡೆಗಣ್ಣಲ್ಲಿ ನೋಡು" ಅಂದರೆ ಮಕ್ಕಳಿಗೂ ತಿಳಿಯುತ್ತೆ. ಇದನ್ನು ಹೇಳಿದ್ದೇ ತಡ, ಅಕ್ಕನ ಮಗಳು "ಅಂದ್ರೆ ಕಡೆಗಣಿಸಿದ್ರೆ ಕಾಣತ್ತೆ, ಅಲ್ವಾ?" ಅಂದಳು. ನಗು ಬಂತು, ಆಮೇಲೆ ಅದೇ ತಲೆಯಲ್ಲಿ ಕೊರೆಯತೊಡಗಿತು. ಕಡೆಗಣಿಸು ಎಂಬುದನ್ನು ಕಡೆಗಣ್ + ಇಸು ಎಂದು ಬಿಡಿಸಬೇಕೋ, ಕಡೆ + ಗಣಿಸು, ಅಂದರೆ ಕೊನೆಯದೆಂದು ಎಣಿಸು, ಎಂದು ಬಿಡಿಸಬೇಕೋ? ಮೊದಲನೆಯದಾದರೆ ಒಂದು ತಮಾಷೆಯಿದೆ. ಸಂಸ್ಕೃತದ ಕಟಾಕ್ಷವೂ ಕಡೆಗಣ್ಣಿನ ನೋಟವೇ, ಆದರೆ ಅದು ಕೃಪೆಯಾಯಿತು. ನಮ್ಮದು ಅಸಡ್ಡೆಯಾಯಿತು!

ಹಾಗಾಗಿ ಎರಡು ಪ್ರಶ್ನೆ. ಕಡೆಗಣಿಸು ಪದವನ್ನು ಬಿಡಿಸುವ ಸರಿಯಾದ ಬಗೆ ಯಾವುದು, ಹಳಗನ್ನಡದ ಪ್ರಯೋಗ ಯಾರಿಗಾದರೂ ನೆನಪಿದೆಯೇ? ಇನ್ನೊಂದು, ಕತ್ತಲಲ್ಲಿ ಹೀಗೆ ಪಕ್ಕಕ್ಕೆ ಕಣ್ಣಿಟ್ಟು ನೋಡುವುದಕ್ಕೆ ನಿಮ್ಮ ಆಡುಮಾತಿನಲ್ಲಿ ಪದ ಇದೆಯೇ? ರಾತ್ರಿ ಹೊಲ ಕಾಯುವವರು, ದೋಣಿಯವರು ಇದನ್ನು ಕಂಡುಕೊಂಡಿರಲೇಬೇಕು ಅನ್ನಿಸುತ್ತೆ. ಅಲ್ಲಿಯವರೆಗೆ ನಾನು ಕಡೆಗಣ್ಣನ್ನೇ ಬಳಸುತ್ತಿರುತ್ತೇನೆ.