ಪದಚರ್ಚೆ: ‘ಅಕಾಡೆಮಿಕ್ ಸಪೋರ್ಟ್’ಗೆ ಕನ್ನಡದಲ್ಲಿ ಏನನ್ನೋಣ? ‘ಪರಿಹಾರ ಬೋಧನೆ’ ಯಾಕೋ ಒಗ್ತಿಲ್ಲ

ಎಲ್ರಿಗೂ ನಮಸ್ಕಾರ. ಡಿಗ್ರಿ ಓದೋರಿಗೆ ಅಂತ ಒಂದು ಕೈಪಿಡಿ ಕನ್ನಡಕ್ಕೆ ತರ್ತಾ ಇದೀನಿ, ಪಾಠದಲ್ಲಿ ಹಿಂದೆ ಬಿದ್ರೆ ಯಾರ ಹತ್ರ ಹೋಗ್ಬೇಕು, ಸಿಲಬಸ್ ದಾಟಿ ಇನ್ನೂ ಓದ್ಬೇಕು ಅನ್ನೋರಿಗೆ ಏನೇನಿದೆ, ಇಂಥವು. ಸಣ್ಣ ಪುಸ್ತಕ, ಹದಿನೈದು ದಿನದ ಕೆಲಸ ಅಂದ್ಕೊಂಡಿದ್ದೆ, ಎರಡು ತಿಂಗಳಾಯ್ತು, ಇನ್ನೂ ತಲೆಬರಹಗಳ ಹತ್ರಾನೇ ಒದ್ದಾಡ್ತಿದೀನಿ.

ಮೊದಲನೇ ಎಡವಟ್ಟು ‘ಅಂಡರ್‌ಗ್ರಾಜುಯೇಟ್’. ಪದಕ್ಕೆ ಪದ ಇಟ್ರೆ ‘ಪದವಿಪೂರ್ವ’ ಆಗುತ್ತೆ, ಲೆಕ್ಕಕ್ಕೆ ಸರೀನೇ, ಆದ್ರೆ ನಮ್ಮಲ್ಲಿ ಪದವಿಪೂರ್ವ ಅಂದ್ರೆ ಪಿಯುಸಿ, ಅಲ್ಲಿಗೆ ಮುಗೀತು. ‘ಸ್ನಾತಕ’ ಅನ್ನೋಣ ಅಂದ್ರೆ, ಗುರುಕುಲದ ಓದು ಮುಗಿಸಿ ಸ್ನಾನ ಮಾಡಿ ಹೊರಬಂದೋನು ಸ್ನಾತಕ, ಅದಕ್ಕೇ ‘ಸ್ನಾತಕೋತ್ತರ’ ಅನ್ನೋದು ಚೆನ್ನಾಗಿ ಕೂರುತ್ತೆ, ಆದ್ರೆ ಇನ್ನೂ ಫಸ್ಟ್ ಸೆಮ್ ಇಂಟರ್ನಲ್ಸ್ ಬರೀತಿರೋರನ್ನ ಸ್ನಾತಕರು ಅನ್ನೋದು ನೀರು ಹುಯ್ಕೊಳ್ಳೋಕೆ ಮುಂಚೆನೇ ತಲೆ ಒರೆಸಿದ ಹಾಗೆ. ಸದ್ಯಕ್ಕೆ ‘ಪದವಿ ವಿದ್ಯಾರ್ಥಿಗಳು’ ಅಂತ ಹಾಕಿ ಮುಂದೆ ಹೋಗಿದೀನಿ.

ನಿಜವಾದ ಜಗಳ ‘ಸಪೋರ್ಟ್’ ಜೊತೆ. ರೆಮಿಡಿಯಲ್ ಟೀಚಿಂಗ್‌ಗೆ, ಅಂದ್ರೆ ಹಿಂದೆ ಬಿದ್ದೋರಿಗೆ ಮತ್ತೆ ಪಾಠ ಹೇಳ್ಕೊಡೋದಕ್ಕೆ, ‘ಪರಿಹಾರ ಬೋಧನೆ’ ಅಂತ ಮೇಷ್ಟ್ರುಗಳೆಲ್ಲ ಬಳಸೋ ಮಾತು ಇದೆ, ಗೊತ್ತು. ಇಂಗ್ಲಿಷಿನ ಪದದ ಬೇರು ಲ್ಯಾಟಿನ್ನಿನ ‘ರೆಮೆಡಿಯಂ’, ಅಂದ್ರೆ ಮದ್ದು, ಅಲ್ಲಿ ಹುಡುಗನ್ನ ರೋಗಿ ಮಾಡಿದಾರೆ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಂತ್ರಸ್ತ ಮಾಡಿದೀವಿ. ಬೆಳೆ ಪರಿಹಾರ, ನೆರೆ ಪರಿಹಾರ, ದೋಷ ಪರಿಹಾರ, ಅವುಗಳ ಸಾಲಲ್ಲಿ ಪರಿಹಾರ ಬೋಧನೆ! ಕರಡು ಪ್ರತಿನ ಮೊದಲನೇ ವರ್ಷದ ಒಬ್ಬ ಹುಡುಗಿಗೆ ಓದೋಕೆ ಕೊಟ್ಟಿದ್ದೆ, ಆ ಪುಟಕ್ಕೆ ಬಂದವಳೇ ‘ಇದಕ್ಕೆ ಅರ್ಜಿ ಹಾಕಿದ್ರೆ ದುಡ್ಡು ಬರುತ್ತಾ?’ ಅಂತ ಕೇಳಿದ್ಲು. ತಮಾಷೆ ಮಾಡಿದ್ಲೋ ನಿಜವಾಗ್ಲೂ ಕೇಳಿದ್ಲೋ, ನನಗಂತೂ ಪದ ಅಲ್ಲೇ ಸತ್ತುಹೋಯ್ತು. ಅದೇ ಹುಡುಗಿ ‘ಆಫೀಸ್ ಅವರ್ಸ್’ಗೆ ನಾನು ಬರೆದಿದ್ದ ‘ಕಚೇರಿ ವೇಳೆ’ ಓದಿ ಫೀಸ್ ಕಟ್ಟೋ ಕೌಂಟರ್ ಟೈಮು ಅಂದ್ಕೊಂಡಿದ್ಲು, ಅದು ಲೆಕ್ಚರರ್ ತಮ್ಮ ರೂಮಲ್ಲಿ ವಿದ್ಯಾರ್ಥಿಗಳಿಗೇ ಅಂತ ಬಿಡುವು ಮಾಡ್ಕೊಂಡು ಕೂತಿರೋ ಹೊತ್ತು. ಅದನ್ನ ‘ಡೌಟ್ ಕೇಳೋ ಹೊತ್ತು’ ಅಂತ ಮಾಡಿದೆ, ತಕ್ಷಣ ಅರ್ಥ ಆಯ್ತು ಅವಳಿಗೆ.

‘ಬೆಂಬಲ’ ಒಳ್ಳೇ ಪದ, ಬೆನ್ನ ಹಿಂದಿನ ಬಲ, ಆದ್ರೆ ‘ಶೈಕ್ಷಣಿಕ ಬೆಂಬಲ’ ಅಂದ ಕೂಡ್ಲೆ ಯಾವ್ದೋ ಪಕ್ಷ ಹೊರಗಿನಿಂದ ಬೆಂಬಲ ಕೊಟ್ಟ ಹಾಗೆ ಕೇಳಿಸುತ್ತೆ. ‘ಊರುಗೋಲು’ ಒಮ್ಮೆ ಹಿಡಿದ್ರೆ ಬಿಡೋ ಹಾಗಿಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು, ಕಲಿಯೋರಿಗೆ ಕೊಡೋ ಈ ಥರದ ಆಸರೆನ ‘ಸ್ಕ್ಯಾಫೋಲ್ಡಿಂಗ್’ ಅಂತ ಕರೆದ್ರು. ಅದು ನಮ್ಮ ಗಾರೆ ಕೆಲಸದೋರ ಸಾರವೆ! ಗೋಡೆ ಏಳೋವರೆಗೂ ಇರುತ್ತೆ, ಎದ್ದ ಮೇಲೆ ಬಿಚ್ಚಿಬಿಡ್ತಾರೆ. ಅರ್ಥ ಅಷ್ಟು ಚೆನ್ನಾಗಿ ಕೂರೋ ಪದ ನಮ್ಮ ಹತ್ರಾನೇ ಇದ್ದೂ ಶಿಕ್ಷಣದ ಬರಹದಲ್ಲಿ ನನಗೆ ಕಂಡಿದ್ದು ಕಮ್ಮಿ. ಆದ್ರೂ ಒಂದು ವಿಭಾಗದ ಬೋರ್ಡ್ ಮೇಲೆ ‘ಸಾರವೆ ಕೇಂದ್ರ’ ಅಂತ ಬರೆಸೋಕೆ ಧೈರ್ಯ ಬರ್ತಿಲ್ಲ, ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಸಿಗೋ ಜಾಗ ಅಂದ್ಕೋತಾರೆ. ನನ್ನ ಒಲವು ‘ಒತ್ತಾಸೆ’ ಕಡೆಗೆ. ‘ಕಲಿಕೆಗೆ ಒತ್ತಾಸೆ’. ಒತ್ತಾಸೆಯಾಗಿ ನಿಂತರು ಅಂದ್ರೆ ನಿಂತೋರು ದೊಡ್ಡೋರು, ಪಡೆದೋನು ದಡ್ಡ ಅನ್ನೋ ವಾಸನೆ ಬರಲ್ಲ.

ಈ ವಾಸನೆ ವಿಷಯಕ್ಕೆ ಇಷ್ಟು ತಲೆ ಕೆಡಿಸ್ಕೊಳ್ಳೋಕೆ ಕಾರಣ ಇದೆ. 1973ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್‌ನಲ್ಲಿ ಡಿಯಾನಾ ಮಾರ್ಟಿನ್ ಅನ್ನೋರು ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಶುರು ಮಾಡಿದ್ರು, ಕ್ಲಾಸಿನ ಹೊರಗೆ ವಿದ್ಯಾರ್ಥಿಗಳು ಜೊತೆಗೆ ಕೂತು ಓದೋ ಕೂಟಗಳು. ಅದರ ಜಾಣತನ ಏನಂದ್ರೆ ಕಷ್ಟದ ಹಣೆಪಟ್ಟಿನ ವಿದ್ಯಾರ್ಥಿಗೆ ಹಚ್ಚಲ್ಲ, ಕೋರ್ಸಿಗೆ ಹಚ್ತಾರೆ. ಯಾವ ಕೋರ್ಸಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಜನ ಡಿ, ಎಫ್ ಗ್ರೇಡ್ ತಗೋತಾರೋ ಇಲ್ಲಾ ಮಧ್ಯದಲ್ಲೇ ಬಿಟ್ಟುಹೋಗ್ತಾರೋ ಆ ಕೋರ್ಸಿಗೇ ಈ ಕೂಟಗಳನ್ನ ಇಡ್ತಾರೆ, ಟಾಪರ್ರೂ ಬರಬಹುದು, ತಿಣುಕಾಡ್ತಿರೋರೂ ಬರಬಹುದು, ಬಂದೋರ ಹಣೆ ಮೇಲೆ ಏನೂ ಬರ್ದಿರಲ್ಲ. ಈಗ ಇದನ್ನ ಕನ್ನಡಕ್ಕೆ ‘ಪೂರಕ ತರಗತಿ’ ಅಂತ ತಂದ್ರೆ ಏನಾಗುತ್ತೆ ನೋಡಿ, ಪೂರಕ ಪರೀಕ್ಷೆ ಅಂದ್ರೆ ಫೇಲಾದೋರದ್ದು, ಹಾಗಾದ್ರೆ ಪೂರಕ ತರಗತಿ ಯಾರದ್ದು? ಅವರು ಕಷ್ಟಪಟ್ಟು ಕಿತ್ತ ಹಣೆಪಟ್ಟಿನ ನಾವು ಅನುವಾದದಲ್ಲೇ ವಾಪಸ್ ಅಂಟಿಸಿದ ಹಾಗಾಯ್ತು.

‘ಎನ್ರಿಚ್‌ಮೆಂಟ್’, ಅಂದ್ರೆ ಸಿಲಬಸ್ ದಾಟಿ ಓದೋರಿಗೆ ಇರೋದು, ಅದರ ಬಗ್ಗೆ ಹೆಚ್ಚು ಹೇಳಲ್ಲ. ‘ಪುಷ್ಟೀಕರಣ’ ಅಂದ್ರೆ ಪೌಷ್ಟಿಕ ಆಹಾರ ನೆನಪಾಗುತ್ತೆ, ‘ಸಂವರ್ಧನೆ’ ಅಂದ್ರೆ ಯುರೇನಿಯಂ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1969ರಿಂದ ನಡೀತಿರೋ, ಡಿಗ್ರಿ ಹುಡುಗರನ್ನೇ ಸಂಶೋಧನೆಗೆ ಹಚ್ಚೋ ಯುಆರ್‌ಒಪಿ ಅನ್ನೋ ಕಾರ್ಯಕ್ರಮದ ಥರದವಕ್ಕೆ ‘ಹೆಚ್ಚಿನ ಕಲಿಕೆ’ ಅಂತ ಸರಳವಾಗಿ ಹೇಳಿದ್ರೆ ಸಾಕು ಅನ್ಸುತ್ತೆ ನಂಗೆ. ಒಂದೇ ಒಂದು ತಕರಾರು. ಸಪೋರ್ಟ್ ಹಿಂದುಳಿದೋರಿಗೆ, ಎನ್ರಿಚ್‌ಮೆಂಟ್ ಜಾಣರಿಗೆ ಅಂತ ಎರಡು ಡಬ್ಬ ಮಾಡಿದ್ರೆ ತಪ್ಪಾಗುತ್ತೆ. ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಅನ್ನೋ ಗಣಿತದವರು ಕ್ಯಾಲ್ಕುಲಸ್‌ನಲ್ಲಿ ಸೋಲ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನ ಹತ್ತಿರದಿಂದ ಗಮನಿಸಿದ್ರು, ಒಬ್ಬೊಬ್ರೇ ಕೂತು ಓದ್ತಿದ್ರು ಅವರು, ಚೀನಾ ಮೂಲದೋರು ಗುಂಪಲ್ಲಿ ಕೂತು ಒಬ್ಬರ ಲೆಕ್ಕ ಇನ್ನೊಬ್ರು ತಿದ್ತಿದ್ರು. ಟ್ರೈಸ್‌ಮನ್ ಸುಲಭದ ಪಾಠ ಕೊಡೋ ಬದ್ಲು ಎಲ್ರನ್ನೂ ಜೊತೆಗೆ ಕೂರಿಸಿ ಇನ್ನೂ ಕಷ್ಟದ ಲೆಕ್ಕ ಕೊಟ್ರು, ಫಲಿತಾಂಶ ಸುಧಾರಿಸ್ತು. ಅದು ಒತ್ತಾಸೆನೋ ಹೆಚ್ಚಿನ ಕಲಿಕೆನೋ? ಎರಡೂ. ಅದಕ್ಕೇ ಎರಡನ್ನೂ ಒಂದೇ ಅಧ್ಯಾಯದಲ್ಲಿ ಹಾಕಿದೀನಿ.

ಈಗ ನಿಮ್ಮಿಂದ ಬೇಕಿರೋದು ಒಂದು ಪದ. ಮೇಲೆ ಹೇಳಿದ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಕೂಟಗಳನ್ನ ನಡೆಸೋರು ಮೇಷ್ಟ್ರಲ್ಲ, ಹಿಂದೆ ಅದೇ ಕೋರ್ಸ್ ಚೆನ್ನಾಗಿ ಪಾಸ್ ಮಾಡಿದ ವಿದ್ಯಾರ್ಥಿ, ಮತ್ತೆ ಅದೇ ಕ್ಲಾಸಿಗೆ ಬಂದು ಎಲ್ರ ಜೊತೆ ಕೂತು ನೋಟ್ಸ್ ಬರ್ಕೊಂಡು ಆಮೇಲೆ ಕೂಟ ನಡೆಸ್ತಾರೆ. ಅವರನ್ನ ಅಲ್ಲಿ ‘ಲೀಡರ್’ ಅಂತಾರೆ. ‘ನಾಯಕ’ ಅಂದ್ರೆ ಚುನಾವಣೆ, ‘ಮಾರ್ಗದರ್ಶಿ’ ಅಂದ್ರೆ ಪಿಎಚ್‌ಡಿ ಗೈಡು. ಹುಡುಗರನ್ನ ಕೇಳಿದ್ರೆ ‘ಸೀನಿಯರ್ ಅನ್ನಿ ಸಾರ್, ಸಾಕು’ ಅಂತಾರೆ, ಆದ್ರೆ ಎಲ್ಲಾ ಸೀನಿಯರ್ರೂ ಪಾಸಾದ ಪಾಠಕ್ಕೆ ಮತ್ತೆ ಬಂದು ಕೂರಲ್ವಲ್ಲ. ಮನೇಲಿ ‘ಮರುಕೇಳುಗ’ ಅಂತ ಹೇಳಿ ನೋಡಿದೆ, ನಕ್ಕರು. ನೀವೂ ನಗ್ತೀರಾ, ಇಲ್ಲಾ ಬೇರೆ ಏನಾದ್ರೂ ಹೊಳೆಯುತ್ತಾ?