ಹಾಲಿನ ಚೀಟಿಗೆ ಪೈಥಾನ್: ಎಫ್-ಸ್ಟ್ರಿಂಗಾ, ಪರ್ಸೆಂಟಾ? ಬಳಸಿದವರು ಹೇಳಿ

ಮದ್ದೂರು: ಊರ ಡೈರಿಗೆ ಬಟವಾಡೆ ಚೀಟಿ ಪ್ರಿಂಟ್ ಮಾಡೋ ಪ್ರೋಗ್ರಾಂ ಬರೀತಿದ್ದೀನಿ. ಹೆಸರು, ಲೀಟರ್, ಫ್ಯಾಟ್, ಮೊತ್ತ, ನಾಲ್ಕೇ ಕಾಲಂ. ಸಾಲು ನೆಟ್ಟಗೆ ನಿಲ್ತಿಲ್ಲ. ಮೌಲ್ಯವನ್ನ ಸಾಲಿನೊಳಗೇ ಬರೆಯೋ ಎಫ್-ಸ್ಟ್ರಿಂಗಾ, ಸಾಲಲ್ಲಿ % ಗುರುತು ಹಾಕೋ ಹಳೇ ಪರ್ಸೆಂಟ್ ವಿಧಾನವಾ, ಯಾವುದು ವಾಸಿ?

ಕುವೆಂಪುನಗರ: ಎಫ್-ಸ್ಟ್ರಿಂಗ್, ಬೇರೆ ಮಾತೇ ಬೇಡ. 2016ರಲ್ಲಿ ಪೈಥಾನ್ 3.6 ಬಂದಾಗಿಂದ ಇದೆ. ಮೊತ್ತದ ವೇರಿಯೆಬಲ್ ಆದ್ಮೇಲೆ ಕೋಲನ್, ಗ್ರೇಟರ್‌ದ್ಯಾನ್, 10.2, ಎಫ್ ಅಂತ ಹಾಕಿದ್ರೆ 10 ಅಕ್ಷರದ ಜಾಗದಲ್ಲಿ ಬಲಕ್ಕೆ ಒತ್ತಿ ಎರಡು ದಶಾಂಶ ಬರುತ್ತೆ. ಪರ್ಸೆಂಟಲ್ಲಿ ವೇರಿಯೆಬಲ್ಲುಗಳು ಸಾಲಿನ ಕೊನೇಲಿ ಗುಂಪಾಗಿ ಕೂತಿರ್ತವೆ. ಒಂದು ಹೆಚ್ಚಾದ್ರೆ ಟೈಪ್‌ಎರರ್ ಬರುತ್ತೆ, ಸರಿ. ಲೀಟರ್-ಫ್ಯಾಟ್ ಅದಲುಬದಲಾದ್ರೆ ಎರರೂ ಇಲ್ಲ, ತಪ್ಪು ಚೀಟಿ ಸೀದಾ ರೈತನ ಕೈಗೆ.

ಪಾಂಡವಪುರ: ಡೈರಿ ಕಂಪ್ಯೂಟರ್ ಯಾವುದು ಅಂತ ಕೇಳ್ದೆ ತೀರ್ಪು ಕೊಡ್ಬೇಡಿ ಸಾರ್. ವಿಂಡೋಸ್ 7 ಇದ್ರೆ ಪೈಥಾನ್ 3.8ಕ್ಕೇ ಕೊನೆ. ಡಬಲ್ ಕೋಟಿನ ಎಫ್-ಸ್ಟ್ರಿಂಗ್ ಒಳಗೆ ಡಿಕ್ಷನರಿ ಕೀಗೂ (ಪಟ್ಟಿಯಿಂದ ಮೌಲ್ಯ ತೆಗೆಯೋ ಹೆಸರು) ಡಬಲ್ ಕೋಟ್ ಹಾಕಿದ್ರೆ 3.12ರಲ್ಲಿ ಓಡುತ್ತೆ, 3.8ರಲ್ಲಿ ಸಿಂಟ್ಯಾಕ್ಸ್ ಎರರ್. ಒಳಗೆ ಸಿಂಗಲ್ ಕೋಟೇ ಹಾಕಿ. ಚೀಟಿಯ ಒಕ್ಕಣೆ ಬೇರೆ ಫೈಲಲ್ಲಿದ್ರಂತೂ ಎಫ್-ಸ್ಟ್ರಿಂಗ್ ಕೆಲಸಕ್ಕೇ ಬರಲ್ಲ. ಫೈಲಿಂದ ಓದಿದ ಸಾಲಿಗೆ ಡಾಟ್ ಫಾರ್ಮ್ಯಾಟೋ (ಸಾಲಾದ್ಮೇಲೆ .format ಅಂತ ಬರೆಯೋ ವಿಧಾನ) ಪರ್ಸೆಂಟೋ ಬೇಕು.

ಕುವೆಂಪುನಗರ: ನಾಲ್ಕು ಕಾಲಮ್ಮಿಗೆ ಟೆಂಪ್ಲೇಟ್ ಫೈಲ್ ಯಾರ್ರೀ ಇಡ್ತಾರೆ?

ಪಾಂಡವಪುರ: ಒಕ್ಕಣೆ ಬದಲಾದಾಗೆಲ್ಲ ಡೈರಿ ಕಾರ್ಯದರ್ಶಿ ಕೋಡ್ ತಿದ್ದೋಕಾಗುತ್ತಾ? ಇಟ್ಟೇ ಇಡ್ತಾರೆ.

ಸರಸ್ವತಿಪುರಂ: ಇಬ್ರೂ ಮುಖ್ಯವಾದದ್ದನ್ನೇ ಬಿಟ್ರಿ. ಹೆಸರು ಕನ್ನಡದಲ್ಲಿದ್ರೆ ಮೂರರಲ್ಲಿ ಯಾವುದನ್ನ ಬಳಸಿದ್ರೂ ಕಾಲಂ ವಾಲುತ್ತೆ. ಪೈಥಾನ್ ಎಣಿಸೋದು ಕಣ್ಣಿಗೆ ಕಾಣೋ ಅಕ್ಷರ ಅಲ್ಲ, ಅದರ ಒಂದೊಂದು ಬಿಡಿ ಗುರುತಿಗೂ ಇರೋ ಯೂನಿಕೋಡ್ ಕೋಡ್‌ಪಾಯಿಂಟ್. ‘ಮಂಡ್ಯ’ ಕಣ್ಣಿಗೆ ಎರಡಕ್ಷರ, ಉದ್ದ ಹೇಳೋ ಲೆನ್ ಕೊಡೋದು 5: ಮ, ಸೊನ್ನೆ, ಡ, ಹಲಂತ, ಯ. ‘ಶ್ರೀರಂಗಪಟ್ಟಣ’ ಆರಕ್ಷರ, ಲೆನ್ 12. ಅಗಲ 15 ಅಂದ್ರೆ ಮೊದಲನೇದಕ್ಕೆ 10 ಸ್ಪೇಸ್, ಎರಡನೇದಕ್ಕೆ 3. ಅದರ ಮೇಲೆ ಕನ್ನಡ ಫಾಂಟಲ್ಲಿ ಒಂದೊಂದಕ್ಷರ ಒಂದೊಂದು ಅಗಲ. ಅಂಕಿ ಕಾಲಂ ಮೊದಲು ಹಾಕಿ, ಹೆಸರು ಕೊನೆಗೆ. ವಾಲಿದ್ರೂ ಯಾವ ಅಂಕಿಯೂ ಅಲುಗಲ್ಲ. ಇನ್ನು 58 ಮಿ.ಮೀ. ಥರ್ಮಲ್ ಪ್ರಿಂಟರ್: ಸಾಲಿಗೆ ಸಾಮಾನ್ಯವಾಗಿ 32 ಅಕ್ಷರ, ಹೆಚ್ಚಿನವುಗಳಲ್ಲಿ ಕನ್ನಡ ಫಾಂಟೇ ಇರಲ್ಲ. ಚಿತ್ರದ ಕೆಲಸಕ್ಕಿರೋ ಪಿಲ್ಲೋ ಲೈಬ್ರರೀಲಿ 384 ಚುಕ್ಕೆ ಅಗಲದ ಚಿತ್ರ ಬರೆದು ಕಳಿಸಬೇಕು. ಅಕ್ಷರ ಜೋಡಿಸೋ ರಾಕ್ಮ್ ಲೈಬ್ರರಿ ಇಲ್ದಿದ್ರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತೆ.

ಕುವೆಂಪುನಗರ: ಇಷ್ಟೆಲ್ಲ ಯಾಕೆ? ಹೆಸರು ಇಂಗ್ಲಿಷಲ್ಲಿ ಹಾಕಿ, ಮುಗೀತು.

ಬನ್ನೂರು: ಪೈಸೆ ವಿಚಾರ ಯಾರೂ ಎತ್ತಲಿಲ್ಲ. 2.675ನ್ನ ಎರಡು ದಶಾಂಶಕ್ಕೆ ಇಳಿಸಿದ್ರೆ ಎಫ್-ಸ್ಟ್ರಿಂಗ್ 2.67 ಅನ್ನುತ್ತೆ, 2.68 ಅಲ್ಲ. ಫ್ಲೋಟಲ್ಲಿ, ಅಂದ್ರೆ ಪೈಥಾನಿನ ಮಾಮೂಲಿ ದಶಾಂಶ ಸಂಖ್ಯೇಲಿ, ಅದು ಕೂತಿರೋದೇ 2.675ಕ್ಕಿಂತ ಕೂದಲೆಳೆ ಕಮ್ಮಿ. ದಶಾಂಶವನ್ನ ಇದ್ದ ಹಾಗೇ ಇಡೋ ಡೆಸಿಮಲ್ ಬಳಸಿ, ಅದಕ್ಕೂ ಸಂಖ್ಯೆಯನ್ನ ಕೋಟ್ ಒಳಗೇ ಕೊಡಿ, ದಶಾಂಶ ಇಳಿಸೋ ಕ್ವಾಂಟೈಜಲ್ಲಿ ರೌಂಡ್ ಹಾಫ್ ಅಪ್ (ಅರ್ಧ ಬಂದ್ರೆ ಮೇಲಕ್ಕೆ) ಅಂತ ಬಾಯ್ಬಿಟ್ಟು ಹೇಳಿ. ಸಾಲುಗಳನ್ನ ರೌಂಡ್ ಮಾಡಿದ ಮೇಲೇ ಕೂಡಬೇಕು, ಇಲ್ದಿದ್ರೆ ಒಟ್ಟು ಮೊತ್ತ ತಾಳೆ ಬೀಳಲ್ಲ. ಕೋಲನ್ ಆದ್ಮೇಲೆ ಬರೀ ಕಾಮಾ ಹಾಕಿದ್ರೆ 1,234,567 ಬರುತ್ತೆ. 12,34,567 ಬೇಕಂದ್ರೆ ಆಯಾ ದೇಶದ ಬರೆಯೋ ಪದ್ಧತಿ ನೋಡ್ಕೊಳ್ಳೋ ಲೊಕೇಲ್ ಮಾಡ್ಯೂಲಲ್ಲಿ ಇಂಡಿಯಾ ಲೊಕೇಲ್ ಹಾಕ್ಕೊಂಡು ಗ್ರೂಪಿಂಗ್ ಆನ್ ಮಾಡಿ.

ಸರಸ್ವತಿಪುರಂ: ಕುವೆಂಪುನಗರದವರೇ, ಚೀಟಿ ಓದೋದು ಹಾಲು ಹಾಕೋರು, ನೀವಲ್ಲ. ಕನ್ನಡ ತೆಗೀರಿ ಅನ್ನೋದನ್ನ ಪರಿಹಾರ ಅಂತ ಕರೀಬೇಡಿ.

ಕುವೆಂಪುನಗರ: ತೆಗೀರಿ ಅಂದಿಲ್ಲ ಕಣ್ರೀ, ಸದಸ್ಯರ ನಂಬರ್ ಇದ್ದೇ ಇರುತ್ತಲ್ಲ!

ಸರಸ್ವತಿಪುರಂ: ನಂಬರ್ ಒಂದಂಕಿ ತಪ್ಪಿದ್ರೆ ಹಿಡಿಯೋದು ಹೆಸರಿಂದಲೇ. ಅದು ಅವರು ಓದೋ ಲಿಪೀಲೇ ಇರ್ಬೇಕು.