ರವಿವಾರದ ರಜೆ, ಎರಡು ನಾಯಿ, ನಿಧಿ ಹುಡುಕುವ ನಡಿಗೆ: ಬೆಳಗಾವಿಯಲ್ಲಿ ಹೇಗೆ ಮಾಡಬಹುದು?

ತಿಲಕವಾಡಿ ನಡಿಗೆ:
ನಮಸ್ಕಾರ ಎಲ್ಲರಿಗೂ. ವಾರಕ್ಕೆ ನನಗೆ ಸಿಗುವುದು ರವಿವಾರ ಒಂದೇ ರಜೆ. ಆ ದಿನ ಗಡಿಬಿಡಿ ಬೇಡ ಅಂತ ಮನೆಯವರೆಲ್ಲ ಮಾತಾಡಿಕೊಂಡಿದ್ದೇವೆ. ಬೆಳಿಗ್ಗೆ ಚಹಾ ಆದ ಮೇಲೆ ನಾಯಿಗಳನ್ನು ಕರೆದುಕೊಂಡು ವ್ಯಾಕ್ಸಿನ್ ಡಿಪೋ ಕಡೆ ಹೋಗುತ್ತೇವೆ. ಅಲ್ಲಿ ಮರ ಜಾಸ್ತಿ, ಗಾಡಿ ಕಡಿಮೆ. ನಾಯಿಗಳು ಎರಡು: ಒಂದು ಮುಧೋಳ, ಹೆಣ್ಣು, ಇನ್ನೊಂದು ನಮ್ಮ ಗಲ್ಲಿಯಲ್ಲೇ ಹುಟ್ಟಿ ನಮ್ಮನೆ ಸೇರಿದ ಕಂದು ನಾಯಿ.

ಮಗಳಿಗೆ ಈಗ ನಿಧಿ ಹುಡುಕುವ ಹುಚ್ಚು. ದಾರಿಯಲ್ಲಿ ಬೀಜ, ಕಲ್ಲು, ಹಳೇ ಗುಂಡಿ ಏನು ಸಿಕ್ಕರೂ ಜೇಬಿಗೆ ಹಾಕುತ್ತಾಳೆ. ಮೆಟಲ್ ಡಿಟೆಕ್ಟರ್ ತರಿಸೋಣ, ಕೋಟೆ ಹತ್ತಿರ ಹುಡುಕೋಣ ಅಂತಿದ್ದಾಳೆ. ಅದು ಸರಿಯಾ? ಇನ್ನೊಂದು, ನಾನು ಹುಲ್ಲಿನಲ್ಲಿ ಬೇಯಿಸಿದ ಕೋಳಿ ತುಂಡು ಬಚ್ಚಿಟ್ಟರೆ ಕಂದು ನಾಯಿ ಮೂಗು ನೆಲಕ್ಕೆ ಹಚ್ಚಿ ಹುಡುಕಿ ತೆಗೆಯುತ್ತದೆ. ಮುಧೋಳ ಮಾತ್ರ ತಲೆ ಎತ್ತಿ ದೂರ ನೋಡುತ್ತಾ ಸುಮ್ನೆ ನಿಂತುಬಿಡುತ್ತದೆ. ಅದನ್ನೂ ಆಟಕ್ಕೆ ಸೇರಿಸಿಕೊಳ್ಳುವುದು ಹೇಗೆ? ಮಧ್ಯಾಹ್ನಕ್ಕೂ ಏನಾದರೂ ಹವ್ಯಾಸ ಇದ್ದರೆ ಹೇಳಿ.

ಕೋಟೆಕೆರೆ:
ಡಿಟೆಕ್ಟರ್ ಬೇಡ. ಕೋಟೆ ಹತ್ತಿರವಂತೂ ಬೇಡವೇ ಬೇಡ. ಅಲ್ಲಿ ಕಮಲ ಬಸದಿ ಇದೆ, 1204ರದ್ದು, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಜಾಗದಲ್ಲಿ ಅನುಮತಿ ಇಲ್ಲದೆ ನೆಲ ಅಗೆಯುವುದು ಅಪರಾಧ. ಬೇರೆ ಕಡೆ ಸಿಕ್ಕರೂ ನಮ್ಮದಾಗುವುದಿಲ್ಲ. ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವ ಕಾನೂನು 1878ರಿಂದಲೇ ಇದೆ.

ಇದು ಬರೀ ಕಾನೂನಿನ ಮಾತಲ್ಲ. ಹಳೇ ನಾಣ್ಯ ಮಣ್ಣಿನ ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನುವುದರಿಂದಲೇ ಅದರ ಕಾಲ, ಕತೆ ಗೊತ್ತಾಗುವುದು. ಕಿತ್ತು ಜೇಬಿಗೆ ಹಾಕಿಕೊಂಡರೆ ಲೋಹ ಉಳಿಯುತ್ತದೆ, ಕತೆ ಹೋಗುತ್ತದೆ. ಮಗಳಿಗೆ ಇದನ್ನು ಬಿಡಿಸಿ ಹೇಳಿ. ಕಲ್ಲು ಆರಿಸುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ದಾರಿಬುತ್ತಿ:
ನಿಧಿ ಹುಡುಕಲು ಅಗೆಯಲೇಬೇಕು ಅಂತ ಏನಿಲ್ಲ ಅಲ್ವಾ? ಜಿಯೋಕ್ಯಾಶಿಂಗ್ ನೋಡಿ, ಜಿಪಿಎಸ್ ಹಿಡಿದು ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಆಟ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅದರ ಮರುದಿನವೇ ಆರೆಗಾನ್ ರಾಜ್ಯದಲ್ಲಿ ಒಬ್ಬರು ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶ ಬರೆದು ಹಾಕಿದರು. ಅಲ್ಲಿಂದ ಶುರುವಾದ ಆಟ ಇದು. ಡಬ್ಬಿ ಹುಡುಕಬೇಕು, ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದು ವಸ್ತು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದು ಇಡಬೇಕು. ಡಬ್ಬಿಯನ್ನು ಹೂಳುವಂತಿಲ್ಲ, ಒಳಗೆ ತಿನ್ನುವ ಪದಾರ್ಥ ಇಡುವಂತಿಲ್ಲ.

ನಮ್ಮ ಕಡೆ ಯಾರಾದರೂ ಇಟ್ಟಿದ್ದಾರಾ ಅಂತ ಆ್ಯಪ್ ತೆರೆದು ನೋಡಿ. ಇಲ್ಲದಿದ್ದರೆ ಮನೆಮಂದಿಗೇ ಅಂತ ಒಂದು ಆಟ ಕಟ್ಟಿ. ಪರಿಚಯದವರ ಹೊಲ ಇದ್ದರೆ ಕೇಳಿ, ಅಲ್ಲೇ ಇಡಿ. ಕ್ಯಾಂಪ್ ಭಾಗದಲ್ಲಿ, ರೈಲ್ವೆ ಸ್ಟೇಷನ್ ಹತ್ತಿರ ವಾರಸುದಾರರಿಲ್ಲದ ಡಬ್ಬಿ ಇಡಲೇಬೇಡಿ. ಸೈನ್ಯ ಇರುವ ಊರು ನಮ್ಮದು, ನೋಡಿದವರು ಗಾಬರಿಯಾಗುತ್ತಾರೆ, ಆಗುವುದು ಸರಿಯೂ ಹೌದು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಬಯಲಿನಲ್ಲಿ ಫೋನ್ ನಮ್ಮನ್ನು ಸುಮಾರು ಐದು ಮೀಟರ್ ಹತ್ತಿರಕ್ಕೆ ತಲುಪಿಸುತ್ತದೆ, ಮರದ ಕೆಳಗೆ ಅಷ್ಟೂ ಇಲ್ಲ. ಬಾಣದ ಗುರುತು ಅತ್ತ ಇತ್ತ ಅಲೆದಾಡುತ್ತದೆ. ಅಲ್ಲಿಂದ ಮುಂದಿನ ಕೆಲಸ ನಿಮ್ಮ ಕಂದು ನಾಯಿಗೆ ಕೊಡಿ. ಡಬ್ಬಿಯನ್ನು ಇಡುವ ಮೊದಲು ನೀವು ಹಾಕಿಕೊಂಡ ಹಳೇ ಬಟ್ಟೆಯಲ್ಲಿ ಒಂದು ರಾತ್ರಿ ಸುತ್ತಿಡಿ. ಗಾಳಿ ಡಬ್ಬಿಯಿಂದ ನಾಯಿಯ ಕಡೆ ಬೀಸುವ ಹಾಗೆ ನೋಡಿಕೊಂಡು ಹೋಗಿ. ನೇರವಾಗಿ ನಡೆಯುತ್ತಿದ್ದ ನಾಯಿ ವಾಸನೆ ಸಿಕ್ಕ ಕೂಡಲೇ ಎಡಕ್ಕೆ, ಬಲಕ್ಕೆ ಹಾಯಲು ಶುರು ಮಾಡುತ್ತದೆ, ಹೊರಳುವ ಜಾಗ ಚಿಕ್ಕದಾಗುತ್ತಾ ಬರುತ್ತದೆ, ಬಾಲದ ಬಡಿತವೇ ಬದಲಾಗುತ್ತದೆ. ಹತ್ತಿರ ಬಗ್ಗಿ ಅದರ ಮೂಗು ನೋಡಿ: ಉಸಿರು ಒಳಗೆ ಹೋಗುವುದು ಮುಂದಿನ ತೂತಿನಿಂದ, ಹೊರಗೆ ಬರುವುದು ಪಕ್ಕದ ಸೀಳಿನಿಂದ. ಹಾಗಾಗಿ ಬಿಟ್ಟ ಉಸಿರು ಮುಂದಿನ ವಾಸನೆಯನ್ನು ಊದಿ ಓಡಿಸುವುದಿಲ್ಲ. ಒಣ ಮಣ್ಣಿನ ಮೇಲೆ ಮೂಗಿನ ಎರಡೂ ಬದಿಗೆ ಸಣ್ಣಗೆ ಧೂಳು ಏಳುವುದು ಕಾಣುತ್ತದೆ. ಮಗಳಿಗೆ ಇದನ್ನು ತೋರಿಸಿ.

ಮುಧೋಳ ಸೀಮೆಯವ:
ನಿಮ್ಮ ಮುಧೋಳ ನಾಯಿಗೆ ಆಸಕ್ತಿ ಇಲ್ಲ ಅಂತ ತಿಳಿಯಬೇಡಿ. ಅದು ಕಣ್ಣಿನ ನಾಯಿ. ಉದ್ದ ಮುಖ, ಆಳವಾದ ಎದೆ, ಸಣ್ಣ ನಡು, ಇದೆಲ್ಲ ಬಯಲಿನಲ್ಲಿ ದೂರದ ಮೊಲ ಕಂಡು ಅಟ್ಟಿಸಿಕೊಂಡು ಹೋಗುವುದಕ್ಕೇ ಆದ ಮೈ. ಅದು ದೂರ ನೋಡುತ್ತಾ ನಿಂತಿದೆ ಅಂದರೆ ಅದರ ಹುಡುಕಾಟ ನಡೆದೇ ಇದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಪಾಡಿ ಬೆಳೆಸಿದರು. ಈಗ ನಮ್ಮ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ರಜೆಯಲ್ಲಿ ಈ ಕಡೆ ಬಂದರೆ ವಿಚಾರಿಸಿ.

ಆಟ ಹೀಗೆ ಕಲಿಸಿ. ಉದ್ದ ಬಿದಿರು ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಟವೆಲ್ ತುಂಡು. ನೆಲದ ಮೇಲೆ ಎಳೆಯುತ್ತಾ ಓಡಿಸಿ. ಮೇಲಕ್ಕೆ ಹಾರಿಸಬೇಡಿ, ಗಕ್ಕನೆ ತಿರುಗಿಸಬೇಡಿ, ಕಾಲಿನ ಕೀಲಿಗೆ ಪೆಟ್ಟು. ಹಿಡಿಯಲು ಬಿಡಿ, ಹಿಡಿದದ್ದು ಸ್ವಲ್ಪ ಹೊತ್ತು ಅದರ ಬಾಯಲ್ಲೇ ಇರಲಿ. ಸದಾ ಸೋಲಿಸಿದರೆ ನಾಯಿ ಬೇಜಾರಾಗಿ ಬಿಟ್ಟುಬಿಡುತ್ತದೆ. ಇದು ರೂಢಿಯಾದ ಮೇಲೆ ಅದೇ ಬಟ್ಟೆಯನ್ನು ಅದರ ಕಣ್ಣೆದುರೇ ಹುಲ್ಲಿನ ಮೇಲೆ ಎಳೆದುಕೊಂಡು ಹೋಗಿ ಪೊದೆಯ ಹಿಂದೆ ಮರೆಮಾಡಿ. ಕಣ್ಣಿಗೆ ಕಾಣದಾದ ಜಾಗಕ್ಕೆ ಓಡಿ ಬರುತ್ತದೆ, ಅಲ್ಲಿ ಏನೂ ಇಲ್ಲ. ಆಗ ಮೂಗು ಕೆಳಗೆ ಇಳಿಯುತ್ತದೆ. ಆ ಕ್ಷಣ ಬಾಯಿ ಮುಚ್ಚಿ ನಿಂತುಕೊಳ್ಳಿ, ಬೆರಳು ತೋರಿಸಬೇಡಿ. ತಾನೇ ಹುಡುಕಿದ ಬಟ್ಟೆಯನ್ನು ಅದು ತಲೆ ಎತ್ತಿ ಹೊತ್ತು ತರುವುದನ್ನು ನೋಡಲು ಎಷ್ಟು ಹೊತ್ತು ಕಾದರೂ ಸರಿ ಅನ್ನಿಸುತ್ತದೆ.

ನಾಯಿಯ ಕೊರಳ ಹಗ್ಗ ಬಿಚ್ಚುವುದು ನಾಲ್ಕೂ ಕಡೆ ಬೇಲಿ ಇದ್ದಲ್ಲಿ ಮಾತ್ರ. ಕುರಿ, ನವಿಲು, ಮೊಲ ಕಂಡಿತೋ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ತಿಲಕವಾಡಿ ನಡಿಗೆ:
ಎಲ್ಲರಿಗೂ ಬಹಳ ಧನ್ಯವಾದ. ಡಿಟೆಕ್ಟರ್ ವಿಚಾರ ಮುಗಿಯಿತು. ಯಳ್ಳೂರಿನ ಹತ್ತಿರ ಗೆಳೆಯರ ಹೊಲ ಇದೆ, ಬೇಲಿಯೂ ಇದೆ, ಕೇಳುತ್ತೇನೆ. ಅಲ್ಲಿಂದ ಹಾಗೇ ರಾಜಹಂಸಗಡಕ್ಕೆ ನಾಯಿಗಳ ಜೊತೆ ಹತ್ತಬಹುದಾ?

ಕೋಟೆಕೆರೆ:
ಗಡದ ಒಳಗೆ ಸಿದ್ಧೇಶ್ವರ ಗುಡಿ ಇದೆ, ರವಿವಾರ ಮಂದಿ ಜಾಸ್ತಿ. ನಾಯಿಗಳನ್ನು ಒಳಗೆ ಒಯ್ಯದಿರುವುದೇ ಒಳ್ಳೆಯದು. ಒಬ್ಬರು ಕೆಳಗೆ ನೆರಳಲ್ಲಿ ಅವುಗಳ ಜೊತೆ ಕೂತರೆ ಉಳಿದವರು ಹತ್ತಿ ಬರಬಹುದು. ಬಿಸಿಲು ಏರುವ ಮೊದಲೇ ಮುಗಿಸಿ. ಮುಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಇಟ್ಟು ನೋಡಿ, ನಿಮಗೆ ಸುಟ್ಟರೆ ನಾಯಿಯ ಪಾದಕ್ಕೂ ಸುಡುತ್ತದೆ.

ಅಂಚೆಚೀಟಿ ಪ್ರೇಮಿ:
ಮಧ್ಯಾಹ್ನದ ಹವ್ಯಾಸಕ್ಕೆ ನನ್ನದೊಂದು ಮಾತು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಚೀಟಿ ತಂದಿತ್ತು: ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳ್ಯಂ, ಜೊತೆಗೆ ನಮ್ಮ ಮುಧೋಳ. ಆ ಚೀಟಿಗಳನ್ನು ಹುಡುಕುವುದೂ ನಿಧಿ ಹುಡುಕಾಟವೇ. ಹಳೇ ಚೀಟಿ ಸಂಗ್ರಹ ಇರುವವರನ್ನು ವಿಚಾರಿಸಿ, ಒಂದು ಸಿಕ್ಕರೆ ಮಗಳ ಪುಸ್ತಕದ ಮೊದಲ ಹಾಳೆಗೆ ಇಡಿ. ಅಂಟು ಹಚ್ಚಬೇಡಿ, ಚೀಟಿಗೆ ಅಂತಲೇ ಸಿಗುವ ಹಿಂಜ್ ಎಂಬ ಸಣ್ಣ ಕಾಗದದ ಪಟ್ಟಿ ಬಳಸಿ. ಉಳಿದ ಹಾಳೆಗಳಲ್ಲಿ ಅವಳು ಆರಿಸಿದ ಬೀಜದ ಚಿತ್ರ, ಸಿಕ್ಕ ಜಾಗ, ಯಾವ ನಾಯಿ ತೋರಿಸಿತು ಅಂತ ಬರೆಯಲಿ.

ದಾರಿಬುತ್ತಿ:
ಹೊಲದಿಂದ ಬಂದ ಮೇಲೆ ನಾಯಿಗಳ ಮೈಮೇಲೆ ರಕ್ತ ಹೀರುವ ಉಣ್ಣಿ ಇದೆಯಾ ಅಂತ ನೋಡುವುದನ್ನು ಮರೆಯಬೇಡಿ, ಮಳೆಗಾಲದಲ್ಲಂತೂ. ಕಿವಿಯ ಮಡಿಕೆ, ಬೆರಳ ಸಂದಿ, ಕಾಲರ್ ಕೆಳಗೆ. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಜ್ವರ ಬಂದರೆ, ಊಟ ಬಿಟ್ಟರೆ ಕಾಯಬೇಡಿ, ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ.